ಬಾರ್ಸಿಲೋನಾದ ಹಳೇ ಊರು ನೆಲದಡಿ ಹೋಗಿದ್ದು ಹೇಗೆ?

ಓದುಗರ ಪ್ರಶ್ನೆ: ಬಾರ್ಸಿಲೋನಾದಲ್ಲಿ ನೆಲದ ಕೆಳಗೆ ರೋಮನ್ನರ ಊರಿದೆಯಂತೆ. ಅದು ಕುಸಿದು ಹೂತುಹೋಯಿತಾ? ಹೋದರೆ ಬರೀ ಮುರಿದ ಗೋಡೆ ನೋಡಬೇಕು, ಅಲ್ವಾ?

ಊರು ಕುಸಿಯಲಿಲ್ಲ, ನೆಲ ಮೇಲೆ ಬಂತು. ಹಳೇ ಮನೆ ಬಿದ್ದರೆ ಅದರ ಕಲ್ಲುಮಣ್ಣನ್ನು ಪೂರ್ತಿ ಹೊರಗೆ ಸಾಗಿಸುತ್ತಿರಲಿಲ್ಲ. ಅಲ್ಲೇ ಸಮ ಮಾಡಿ, ಅದರ ಮೇಲೇ ಹೊಸದನ್ನು ಕಟ್ಟುತ್ತಿದ್ದರು. ಹೀಗೆ ನೂರಾರು ವರ್ಷ ನಡೆದಾಗ ಮೊದಲಿನ ಬೀದಿ ಕೆಳಗೇ ಉಳಿಯಿತು.

ಅದು ಸಿಕ್ಕ ಕಥೆ ನನಗೆ ತುಂಬಾ ಇಷ್ಟ. ವಿಯಾ ಲಾಯೆತಾನಾ ಎಂಬ ದೊಡ್ಡ ರಸ್ತೆಗಾಗಿ ಕಾಸಾ ಪಾದೆಲ್ಯಾಸ್ ಎಂಬ ಹಳೇ ಬಂಗಲೆಯನ್ನು ತೆಗೆಯಬೇಕಾಯಿತು. ಅದನ್ನು ಒಡೆದು ಹಾಕದೆ, ಒಂದೊಂದೇ ಕಲ್ಲು ಬಿಚ್ಚಿ ಪ್ಲಾಸಾ ದೆಲ್ ರೇ ಚೌಕಕ್ಕೆ ತಂದರು. 1931ರಲ್ಲಿ ಅಲ್ಲಿ ಪಾಯ ತೋಡಿದಾಗ ಕೆಳಗೆ ಬಾರ್ಸಿನೋ ಎಂಬ ರೋಮನ್ನರ ಊರು ಕಾಣಿಸಿತು. 1943ರಲ್ಲಿ ಆ ಬಂಗಲೆಯೇ ನಗರದ ಇತಿಹಾಸ ಮ್ಯೂಸಿಯಂ ಆಯಿತು.

ಇನ್ನು ಮುರಿದ ಗೋಡೆಯ ಮಾತು. ಹೌದು, ಗೋಡೆಗಳು ಸೊಂಟದೆತ್ತರವೂ ಇಲ್ಲದ ಕಡೆ ಜಾಸ್ತಿ. ಅದಕ್ಕೇ ಗೋಡೆ ಬಿಟ್ಟು ತೊಟ್ಟಿಗಳನ್ನೂ ಕಾಲುವೆಗಳನ್ನೂ ನೋಡಿ. ಇಲ್ಲಿರುವುದು ಜನ ಮೈಮುರಿದು ದುಡಿದ ಜಾಗ. ಬಟ್ಟೆ ಒಗೆಯುವ ಕಡೆ ನಿಂತರೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು ಅಂತ ಕಣ್ಣಲ್ಲೇ ಹಿಂಬಾಲಿಸಬಹುದು. ಆ ಕಾಲದಲ್ಲಿ ಕೊಳೆ ಬಿಡಿಸಲು ಹಳಸಿದ ಮೂತ್ರ ಬಳಸುತ್ತಿದ್ದರು. ಅದರಲ್ಲಿರುವ ಅಮೋನಿಯಾ ಜಿಡ್ಡನ್ನು ತೆಗೆಯುತ್ತದೆ. ಆ ವಾಸನೆಯಲ್ಲಿ ಇಡೀ ದಿನ ನಿಂತು ಬಟ್ಟೆ ತುಳಿದವರನ್ನು ಒಂದು ಕ್ಷಣ ನೆನೆಯಿರಿ. ಪಕ್ಕದಲ್ಲೇ ಬಣ್ಣ ಹಾಕುವ ಜಾಗವಿದೆ. ಮುಂದೆ ಮೀನಿಗೆ ಉಪ್ಪು ಹಾಕಿ ಗಾರಂ ಎಂಬ ಸಾರ ಮಾಡುತ್ತಿದ್ದ ತೊಟ್ಟಿಗಳು, ಆಮೇಲೆ ದ್ರಾಕ್ಷಾರಸ ತುಂಬಿಡುತ್ತಿದ್ದ ದೊಡ್ಡ ಗುಡಾಣಗಳು ಸಿಗುತ್ತವೆ.

ಜಾಗ ಸುಮಾರು 4,000 ಚದರ ಮೀಟರ್. ಅವಶೇಷಗಳ ಮೇಲೆ ಹಾಕಿರುವ ಕಟ್ಟೆದಾರಿಯಲ್ಲಿ ನಡೆಯಬೇಕು. ಒಂದೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ಸುಮ್ನೆ ಓಡಿಕೊಂಡು ಬಂದರೆ ನಿಜಕ್ಕೂ ಬರೀ ಕಲ್ಲೇ ಕಾಣುತ್ತದೆ. ಆಡಿಯೋ ಗೈಡ್ ತೆಗೆದುಕೊಂಡರೆ ಒಳ್ಳೆಯದು. ಸೋಮವಾರ ರಜೆ. ಭಾನುವಾರ ಮಧ್ಯಾಹ್ನ 3ರ ನಂತರ ಪ್ರವೇಶ ಉಚಿತ, ಆದರೆ ಜನ ಜಾಸ್ತಿ. ತೊಟ್ಟಿಗಳ ಮುಂದೆ ನಿಧಾನವಾಗಿ ನಿಲ್ಲಬೇಕು ಅಂದರೆ ವಾರದ ನಡುವೆ ಬೆಳಗ್ಗೆಯೇ ಹೋಗಿ.