ಆಕಾಶ ನೋಡುತ್ತಿದ್ದವರು ಬಣ್ಣದ ಡಬ್ಬಿ ನೋಡಿಕೊಂಡ ಕಥೆ

2022ರ ಅಕ್ಟೋಬರ್‌ನಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಹೊಸ ತೈಲ ಯೋಜನೆಗಳು ಬೇಡ ಎನ್ನುವ ಇಬ್ಬರು ಹೋರಾಟಗಾರರು ವ್ಯಾನ್ ಗೋ ಬರೆದ ಸೂರ್ಯಕಾಂತಿ ಚಿತ್ರದ ಮೇಲೆ ಟೊಮೆಟೊ ಸೂಪ್ ಎರಚಿದರು. ಮುಂದೆ ಗಾಜು ಇದ್ದಿದ್ದರಿಂದ ಚಿತ್ರಕ್ಕೆ ಏನೂ ಆಗಲಿಲ್ಲ. ಚೌಕಟ್ಟಿಗೆ ಒಂದಿಷ್ಟು ಹಾನಿಯಾಯಿತು, ಅಷ್ಟೇ. ಆದರೆ ಆವತ್ತಿನಿಂದ ಮಾತು ಹತ್ತು ದಿಕ್ಕಿಗೆ ಹರಿದಿದೆ. ತೈಲದ ದುಡ್ಡಿನಲ್ಲಿ ಪ್ರದರ್ಶನ ನಡೆಸಬಹುದಾ? ಭೂಮಿ ಬಿಸಿಯಾಗುತ್ತಿದೆ ಎಂದು ಹೇಳುವ ಶಿಲ್ಪವನ್ನು ವಿಮಾನದಲ್ಲಿ ಸಾಗಿಸಬಹುದಾ? ಕಲಾವಿದರ ಕೆಲಸ ಚಿತ್ರ ಬರೆಯುವುದಾ, ಜನರನ್ನು ಎಚ್ಚರಿಸುವುದಾ? ಇವೆಲ್ಲ ನಿನ್ನೆ ಮೊನ್ನೆ ಹುಟ್ಟಿದ ಪ್ರಶ್ನೆಗಳಲ್ಲ. ಸಿಕ್ಕು ಬಿಡಿಸಬೇಕೆಂದರೆ ಇನ್ನೂರು ವರ್ಷ ಹಿಂದೆ, ಒಬ್ಬ ಚಿತ್ರಕಾರ ತಲೆಯೆತ್ತಿ ಆಕಾಶ ನೋಡುತ್ತಾ ನಿಂತಿದ್ದ ಜಾಗದಿಂದ ಶುರು ಮಾಡಬೇಕು.

ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಮೋಡಗಳನ್ನು ಬರೆದರು. ಎಷ್ಟೋ ಚಿತ್ರಗಳಲ್ಲಿ ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಹಿಂಬದಿ ತಿರುಗಿಸಿದರೆ ತಾರೀಕು, ಗಂಟೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬ ಟಿಪ್ಪಣಿ. ಅದಕ್ಕೆ ಇಪ್ಪತ್ತು ವರ್ಷ ಮೊದಲು ಲ್ಯೂಕ್ ಹೊವಾರ್ಡ್ ಎಂಬ ಹವಾಮಾನ ಆಸಕ್ತರು ಮೋಡಗಳನ್ನು ವಿಂಗಡಿಸಿ ಸಿರ್ರಸ್, ಕ್ಯುಮುಲಸ್, ಸ್ಟ್ರೇಟಸ್ ಎಂದು ಹೆಸರಿಟ್ಟಿದ್ದರು. ಮೋಡಕ್ಕೂ ಒಂದು ಕ್ರಮವಿದೆ, ದಿನಾ ನೋಡಿದರೆ ಅದು ತಿಳಿಯುತ್ತದೆ ಎಂಬ ನಂಬಿಕೆ ಆಗ ಬಲವಾಗುತ್ತಿತ್ತು. ಕಾನ್‌ಸ್ಟೆಬಲ್‌ಗೆ ಹವಾಮಾನ ಬದಲಾವಣೆಯ ಚಿಂತೆ ಇರಲಿಲ್ಲ, ನಿಜ. ಆದರೆ ಚಿತ್ರದ ಬೆನ್ನಿಗೆ ಬರೆದ ಆ ಎರಡು ಸಾಲು ಇದೆಯಲ್ಲ, ಈ ಇಡೀ ಕಥೆಯ ಬೀಜ ನನಗೆ ಅಲ್ಲೇ ಕಾಣುತ್ತದೆ.

ಗೊತ್ತಿಲ್ಲದೆಯೂ ಹವಾಮಾನವನ್ನು ದಾಖಲಿಸಿದವರಿದ್ದಾರೆ. 1565ರಲ್ಲಿ ಬ್ರೂಗಲ್ ಬರೆದ ಹಿಮದ ಬೇಟೆಗಾರರು ಯುರೋಪಿನ ಕಡುಚಳಿಯ ಶತಮಾನಗಳಿಗೆ ಸೇರಿದವರು. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದ ಮೇಲೆ ಅರ್ಧ ಭೂಮಿಯಾಚೆಯ ಸಂಜೆಗಳೂ ಕೆಂಪಾದವು. ವಿಲಿಯಂ ಆಸ್‌ಕ್ರಾಫ್ಟ್ ಎಂಬ ಚಿತ್ರಕಾರ ಲಂಡನ್ನಿನಲ್ಲಿ ಕೂತು ಆ ಸಂಜೆಗಳನ್ನು ಐನೂರಕ್ಕೂ ಹೆಚ್ಚು ಸಲ ಬರೆದರು.

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆಯ ಕಥೆ ಮಾತ್ರ ಸ್ವಲ್ಪ ಕಷ್ಟದ್ದು. 1899ರಿಂದ 1901ರವರೆಗೆ ಮೂರು ಸಲ ಲಂಡನ್ನಿಗೆ ಹೋಗಿ ಥೇಮ್ಸ್ ನದಿಯ ಮಂಜನ್ನು ಬರೆದರು. ಅದು ಬರೀ ಮಂಜಲ್ಲ, ಕಲ್ಲಿದ್ದಲ ಹೊಗೆ ಬೆರೆತ ಮಂಜು. ಅವರಿಗೆ ಅದೇ ಇಷ್ಟ. 2023ರಲ್ಲಿ ಇಬ್ಬರು ವಿಜ್ಞಾನಿಗಳು ಇಂಗ್ಲಿಷ್ ಚಿತ್ರಕಾರ ಟರ್ನರ್ ಮತ್ತು ಮೋನೆಯ ನೂರರಷ್ಟು ಚಿತ್ರಗಳನ್ನು ಅಳೆದು ನೋಡಿದರು. ಗಾಳಿಯಲ್ಲಿ ಹೊಗೆ ಏರಿದಂತೆ ಚಿತ್ರಗಳ ಅಂಚುಗಳು ಮಸುಕಾಗುತ್ತಾ, ಬಣ್ಣ ಬಿಳಿಚುತ್ತಾ ಹೋಗಿರುವುದು ಕಂಡಿತು. ನಾವು ಶೈಲಿ ಎಂದುಕೊಂಡಿದ್ದರಲ್ಲಿ ಒಂದು ಪಾಲು ಗಾಳಿಯದ್ದೇ ಆಗಿರಬಹುದು! ಹಾಳಾದ ಗಾಳಿ ಇಷ್ಟು ಚೆಂದ ಕಾಣುತ್ತದಲ್ಲ ಎಂಬ ಕಸಿವಿಸಿ ನನಗೆ ಇನ್ನೂ ಹೋಗಿಲ್ಲ. ಗಣಿ, ಕಸದ ಬೆಟ್ಟ, ಒಣಗಿದ ಕೆರೆಗಳ ಫೋಟೊ ತೆಗೆಯುವ ಇವತ್ತಿನವರನ್ನೂ ಅದು ಬಿಟ್ಟಿಲ್ಲ.

ಆ ಹೊತ್ತಿನಿಂದ ಅರವತ್ತು-ಎಪ್ಪತ್ತು ವರ್ಷ ವಿಜ್ಞಾನ ಒಂದು ದಾರಿಯಲ್ಲಿ, ಕಲೆ ಇನ್ನೊಂದು ದಾರಿಯಲ್ಲಿ ನಡೆದವು. 1896ರಲ್ಲಿ ಅರ‍್ಹೇನಿಯಸ್ ಎಂಬ ವಿಜ್ಞಾನಿ ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಎಷ್ಟು ಬಿಸಿ ಮಾಡುತ್ತದೆ ಎಂದು ಲೆಕ್ಕ ಹಾಕಿದರು, 1958ರಲ್ಲಿ ಕೀಲಿಂಗ್ ಅದನ್ನು ಹವಾಯಿಯ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದರು, 1962ರಲ್ಲಿ ರೇಚಲ್ ಕಾರ್ಸನ್ ಕೀಟನಾಶಕಗಳ ಬಗ್ಗೆ ಬರೆದರು, 1968ರ ಡಿಸೆಂಬರ್‌ನಲ್ಲಿ ಅಪೊಲೊ 8ರ ಗಗನಯಾತ್ರಿಗಳು ಚಂದ್ರನ ಅಂಚಿನಲ್ಲಿ ಭೂಮಿ ಮೂಡುವ ಫೋಟೊ ತೆಗೆದರು. ಕಪ್ಪು ಬಯಲಿನಲ್ಲಿ ಒಂದು ಪುಟ್ಟ ನೀಲಿ ಗುಂಡು. ಅಷ್ಟೊತ್ತಿಗೆ ಕೆಲವು ಕಲಾವಿದರು ಪ್ರಕೃತಿಯ ಚಿತ್ರ ಬರೆಯುವುದನ್ನು ಬಿಟ್ಟು, ಮಣ್ಣು, ನೀರು, ಮರಗಳನ್ನೇ ಕೈಗೆ ತಗೊಂಡಿದ್ದರು.

1968ರಿಂದ 1982ರವರೆಗಿನ ಈ ಕಾಲ ನನಗೆ ತುಂಬಾ ಹತ್ತಿರದ್ದು. ಆ ವರ್ಷಗಳ ಕೆಲಸಗಳನ್ನು ನೋಡಿದರೆ ಇವತ್ತಿನ ಎಲ್ಲ ಜಗಳಗಳೂ ಆಗಲೇ ಕಣ್ಣುಬಿಟ್ಟಿದ್ದು ಕಾಣುತ್ತದೆ.

1968ರ ಜೂನ್‌ನಲ್ಲಿ ಅರ್ಜೆಂಟೀನಾದ ನಿಕೊಲಾಸ್ ಗಾರ್ಸಿಯಾ ಉರಿಬುರು ವೆನಿಸ್ಸಿನ ದೊಡ್ಡ ಕಾಲುವೆಗೆ ಹಾನಿಯಿಲ್ಲದ ಬಣ್ಣ ಸುರಿದು ನೀರನ್ನು ಹಸಿರು ಮಾಡಿದರು. ದಿನಾ ದೋಣಿಯಲ್ಲಿ ಓಡಾಡುವವರೂ ಆವತ್ತು ನಿಂತು ನೀರು ನೋಡಿದರು.

1972ರಲ್ಲಿ ಜರ್ಮನಿಯ ಕ್ರೆಫೆಲ್ಡ್ ನಗರದ ಮ್ಯೂಸಿಯಂ ಒಂದರಲ್ಲಿ ಹಾನ್ಸ್ ಹಾಕೆ ಇಟ್ಟಿದ್ದು ಚಿತ್ರವಲ್ಲ, ನೀರು ಶುದ್ಧ ಮಾಡುವ ಒಂದು ಸಾಲು. ಮೊದಲು ರೈನ್ ನದಿಯ ಕೊಳಕು ನೀರು ತುಂಬಿದ ದೊಡ್ಡ ಬಾಟಲಿಗಳು. ಅಲ್ಲಿಂದ ನೀರು ಸೋಸುವ ಪಾತ್ರೆಗಳಿಗೆ ಇಳಿಯುತ್ತಿತ್ತು. ಕೊನೆಯಲ್ಲಿ ಅಗಲವಾದ ಪಾರದರ್ಶಕ ತೊಟ್ಟಿ, ಅದರಲ್ಲಿ ಗೋಲ್ಡ್‌ಫಿಶ್ ಈಜುತ್ತಿದ್ದವು. ಮಿಕ್ಕ ನೀರು ಹಿಂದಿನ ತೋಟಕ್ಕೆ. ಕಿಟಕಿಯಾಚೆ ಮರಗಳು, ಈಚೆ ಬದುಕಿದ ಮೀನು. ನದಿಗೆ ಕೊಳಚೆ ಬಿಡುತ್ತಿದ್ದ ನಗರವೂ ಅದೇ, ಮ್ಯೂಸಿಯಂ ನಡೆಸುತ್ತಿದ್ದ ನಗರವೂ ಅದೇ. ಈ ಸಾಲಿನಲ್ಲಿ ಹಾಕೆ ನೀರು ಹರಿಸಿದರು, ಅಷ್ಟೇ. ಇಪ್ಪತ್ತೊಂದನೇ ಶತಮಾನದಲ್ಲಿ ಮ್ಯೂಸಿಯಂಗಳ ಪ್ರಾಯೋಜಕರ ಬಗ್ಗೆ ಎದ್ದ ಪ್ರಶ್ನೆ ಆ ತೊಟ್ಟಿಯಲ್ಲಿ ಆಗಲೇ ಈಜುತ್ತಿತ್ತು.

1982ರ ಬೇಸಿಗೆಯಲ್ಲಿ ಆಗ್ನೆಸ್ ಡೆನೆಸ್ ನ್ಯೂಯಾರ್ಕಿನ ಮ್ಯಾನ್‌ಹಾಟನ್ ತುದಿಯಲ್ಲಿ ಎರಡು ಎಕರೆ ಗೋಧಿ ಬೆಳೆದರು. ಅದು ಕಟ್ಟಡದ ಮಣ್ಣು-ಕಲ್ಲು ಸುರಿದು ತುಂಬಿಸಿದ ಜಾಗ. ಕಲ್ಲು ಆರಿಸಿ, ಲಾರಿಯಲ್ಲಿ ಮೇಲ್ಮಣ್ಣು ತರಿಸಿ, 285 ಸಾಲುಗಳನ್ನು ಕೈಯಲ್ಲೇ ತೋಡಿ ಬಿತ್ತಿದರು. ಆಗಸ್ಟ್‌ನಲ್ಲಿ ಸುಮಾರು 450 ಕಿಲೋ ಕೊಯ್ಲಾಯಿತು. ಬಂಗಾರದ ಬಣ್ಣದ ತೆನೆಗಳ ಹಿಂದೆ ವರ್ಲ್ಡ್ ಟ್ರೇಡ್ ಸೆಂಟರಿನ ಎರಡು ಗೋಪುರ ನಿಂತಿರುವ ಫೋಟೊ ನೋಡಿ. ಒಂದೇ ಒಂದು ಘೋಷಣೆ ಇಲ್ಲದೆ, ನೆಲ ಯಾವುದಕ್ಕಾಗಿ ಎಂದು ಅದು ಕೇಳುತ್ತದೆ.

ಅದೇ ವರ್ಷ ಜರ್ಮನಿಯ ಕಾಸಲ್ ನಗರದಲ್ಲಿ ಜೋಸೆಫ್ ಬಾಯ್ಸ್ ಏಳು ಸಾವಿರ ಬಸಾಲ್ಟ್ ಕಲ್ಲುಗಳನ್ನು ಮ್ಯೂಸಿಯಂ ಮುಂದೆ ರಾಶಿ ಹಾಕಿಸಿದರು. ಒಂದು ಗಿಡ ನೆಟ್ಟರೆ ಒಂದು ಕಲ್ಲು ರಾಶಿಯಿಂದ ಹೋಗಿ ಅದರ ಪಕ್ಕ ನಿಲ್ಲಬೇಕು. ಊರು ಎಷ್ಟು ನೆಟ್ಟಿದೆ, ಎಷ್ಟು ಬಾಕಿ ಉಳಿಸಿದೆ ಎಂದು ರಾಶಿಯೇ ಹೇಳುತ್ತಿತ್ತು. ಕಲ್ಲು ಅಡ್ಡಬಿದ್ದಿದೆ, ಚೆಂದವಾಗಿಲ್ಲ ಎಂದು ಜನ ಗೊಣಗಿದರು. ಕೆಲಸ ಮುಗಿಯಲು ಐದು ವರ್ಷ ಬೇಕಾಯಿತು. ನಡುವೆ, 1986ರಲ್ಲಿ, ಬಾಯ್ಸ್ ತೀರಿಕೊಂಡರು. ಕೊನೆಯ ಗಿಡವನ್ನು 1987ರಲ್ಲಿ ಅವರ ಮಗ ನೆಟ್ಟರು. ನೆಟ್ಟಾಗ ಕಲ್ಲಿನ ಪಕ್ಕ ಕಡ್ಡಿಯಂತಿದ್ದ ಗಿಡ ಈಗ ಅದಕ್ಕೆ ನೆರಳು ಕೊಡುತ್ತದೆ. ನಾಲ್ಕು ಗೋಡೆಯೊಳಗೆ ಮುಗಿಸಿ, ಸಹಿ ಹಾಕಿ ಕೊಡುವ ಕೆಲಸವಲ್ಲ ಇದು. ಹವಾಮಾನದ ಕಾಳಜಿ ಕಲಾವಿದರ ಬದುಕಿನಲ್ಲಿ ಮೊದಲು ಬದಲಿಸಿದ್ದು ವಿಷಯವನ್ನಲ್ಲ, ಸಮಯದ ಲೆಕ್ಕವನ್ನು ಅನ್ನಿಸುತ್ತದೆ ನನಗೆ.

ಕಿವಿಯಿಂದ ಕೆಲಸ ಮಾಡುವವರಿಗೂ ಇದೇ ತಾಳ್ಮೆ ಬೇಕಾಯಿತು. ಸಂಗೀತಗಾರ ಬರ್ನಿ ಕ್ರಾಸ್ 1988ರಲ್ಲಿ ಕ್ಯಾಲಿಫೋರ್ನಿಯಾದ ಲಿಂಕನ್ ಮೆಡೋ ಎಂಬ ಕಾಡಿನ ಹುಲ್ಲುಗಾವಲಿನಲ್ಲಿ ಬೆಳಗಿನ ಹಕ್ಕಿಗಳ ದನಿ ರೆಕಾರ್ಡ್ ಮಾಡಿದರು. ಆಮೇಲೆ ಮರದ ಕಂಪನಿಯವರು ಅಲ್ಲಿ ಅಲ್ಲೊಂದು ಇಲ್ಲೊಂದು ಮರ ಕಡಿದರು. ಇದರಿಂದ ಕಾಡಿಗೇನೂ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಮರುವರ್ಷ ಅದೇ ತಿಂಗಳು, ಅದೇ ಹೊತ್ತಿಗೆ ಕ್ರಾಸ್ ಮತ್ತೆ ಹೋದರು. ಕಣ್ಣಿಗೆ ಏನೂ ಬದಲಾಗಿರಲಿಲ್ಲ, ಫೋಟೊ ತೆಗೆದರೂ ಅದೇ ಹಸಿರು. ಆದರೆ ರೆಕಾರ್ಡಿಂಗಿನಲ್ಲಿ ಹೆಚ್ಚುಕಡಿಮೆ ಹೊಳೆಯ ಸದ್ದು ಮಾತ್ರ, ಎಲ್ಲೋ ಒಂದು ಮರಕುಟಿಗ. ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಹೋದರೂ ಹಳೆಯ ತುಂಬುದನಿ ಮರಳಲಿಲ್ಲ.

1988ರಲ್ಲೇ ವಿಶ್ವಸಂಸ್ಥೆ ಹವಾಮಾನ ಬದಲಾವಣೆಗೆ ವಿಜ್ಞಾನಿಗಳ ಸಮಿತಿ ಮಾಡಿತು, ಒಪ್ಪಂದಗಳು ಬಂದವು, ಹೊಸ ಶತಮಾನ ಬಂತು. ಕಲೆಯೂ ದೊಡ್ಡದಾಯಿತು. 2015ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಹವಾಮಾನ ಸಭೆ ನಡೆಯುವಾಗ ಕಲಾವಿದ ಓಲಾಫುರ್ ಎಲಿಯಾಸನ್, ಭೂವಿಜ್ಞಾನಿ ಮಿನಿಕ್ ರೋಸಿಂಗ್ ಜೊತೆ ಸೇರಿ, ಗ್ರೀನ್‌ಲ್ಯಾಂಡಿನ ಸಮುದ್ರದಲ್ಲಿ ತೇಲುತ್ತಿದ್ದ ಹನ್ನೆರಡು ಮಂಜುಗಡ್ಡೆಗಳನ್ನು ತಂದು ಚೌಕದಲ್ಲಿ ಗಡಿಯಾರದಂತೆ ಜೋಡಿಸಿದರು. ಒಟ್ಟು 80 ಟನ್. ಜನ ಮುಟ್ಟಿದರು, ಕಿವಿಯಿಟ್ಟು ಕೇಳಿದರು. ಸಾವಿರಾರು ವರ್ಷದಿಂದ ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಚಟಪಟ ಒಡೆಯುತ್ತಿದ್ದವು. ಅದನ್ನು ತರಲು ಖರ್ಚಾದ ಇಂಗಾಲದ ಲೆಕ್ಕವನ್ನೂ ಬಹಿರಂಗ ಮಾಡಿದರು, ಸುಮಾರು 30 ಟನ್. ಅಷ್ಟು ದೂರದಿಂದ ತಂದು ಕರಗಿಸಬೇಕಿತ್ತಾ ಎಂದು ಕೇಳಿದವರೂ ಇದ್ದರು. ನ್ಯಾಯವಾದ ಪ್ರಶ್ನೆಯೇ. ಆದರೆ ಲೆಕ್ಕ ಮುಂದಿಟ್ಟಿದ್ದು ನನಗೆ ಮಂಜುಗಡ್ಡೆಗಿಂತ ಮುಖ್ಯವಾಗಿ ಕಂಡಿತು. ಅಲ್ಲಿಯವರೆಗೆ ಕಲಾವಿದರು ಲೋಕದ ಲೆಕ್ಕ ಕೇಳುತ್ತಿದ್ದರು, ಈಗ ತಮ್ಮದನ್ನೂ ಒಪ್ಪಿಸಿದರು.

ಈಗ ಪ್ರಶ್ನೆ ಸ್ಟುಡಿಯೊ ಒಳಗೇ ಬಂದು ಕೂತಿದೆ. ಅಕ್ರಿಲಿಕ್ ಬಣ್ಣ ಎಂದರೆ ಪ್ಲಾಸ್ಟಿಕ್ಕೇ, ಅಲ್ವಾ? ಬ್ರಷ್ಷನ್ನು ನಲ್ಲಿ ಕೆಳಗೆ ಹಿಡಿದರೆ ನೀಲಿ ನೀರು ಸುರುಳಿ ಸುತ್ತಿ ಮೋರಿಗೆ ಹೋಗುತ್ತದೆ, ಜೊತೆಗೆ ಪ್ಲಾಸ್ಟಿಕ್ಕಿನ ಸಣ್ಣ ಕಣಗಳೂ. ಕೆಲವರು ಈಗ ಬ್ರಷ್ಷನ್ನು ಮೊದಲು ಬಟ್ಟೆಯಲ್ಲಿ ಒರೆಸುತ್ತಾರೆ. ತೊಳೆದ ನೀರಿಗೆ ಪಟಿಕದಂಥ ಪುಡಿ ಹಾಕಿ, ಬಣ್ಣ ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಚೆಲ್ಲುತ್ತಾರೆ. ಪಿಟೀಲಿನ ಕಮಾನಿಗೆ ಬೇಕಾದ ಬ್ರೆಜಿಲ್ಲಿನ ಪೆರ್ನಂಬುಕೊ ಮರ 2007ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಚಿತ್ರಗಳನ್ನು ಕಾಪಾಡುವ ಏಸಿಗೂ ಕರೆಂಟು ಜಾಸ್ತಿ ಬೇಕು ಎಂದು ದೊಡ್ಡ ಮ್ಯೂಸಿಯಂಗಳು 2014ರಲ್ಲಿ ನಿಯಮ ಸಡಿಲಿಸಿದವು. ಬಹುಪಾಲು ವಸ್ತುಗಳಿಗೆ 16ರಿಂದ 25 ಡಿಗ್ರಿ ಸಾಕು ಎಂದವು. 2020ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗ್ಯಾಲರಿ ಕ್ಲೈಮೇಟ್ ಕೊಯಲಿಷನ್ ಎಂಬ ಕಲಾಸಂಸ್ಥೆಗಳ ಒಕ್ಕೂಟ, 2030ರೊಳಗೆ ಕಲಾಲೋಕದ ಹೊಗೆಯನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿದೆ. ತೈಲದ ಪ್ರಾಯೋಜಕತ್ವವನ್ನು ಕೆಲವು ಸಂಸ್ಥೆಗಳು ಬಿಟ್ಟಿವೆ, ಕೆಲವು ಬಿಟ್ಟಿಲ್ಲ. ಸೂಪ್ ಎರಚಿದ್ದು ಈ ನಡುದಾರಿಯಲ್ಲಿ. ಅದು ತಪ್ಪೋ ಸರಿಯೋ ಎಂಬ ಗದ್ದಲದಲ್ಲಿ, ಸುಮ್ನೆ ಕೂತು ಹತ್ತಾರು ವರ್ಷ ಒಂದೇ ಹುಲ್ಲುಗಾವಲು ಕೇಳಿಸಿಕೊಂಡವರ ಮಾತು ಮುಳುಗಿಹೋಗಬಾರದು ಎಂಬುದಷ್ಟೇ ನನ್ನ ಆಸೆ.

ಒಂದು ಕೆಲಸದ ಕಥೆ ಬಾಕಿ ಇಟ್ಟಿದ್ದೇನೆ. 1970ರ ಏಪ್ರಿಲ್‌ನಲ್ಲಿ ರಾಬರ್ಟ್ ಸ್ಮಿತ್ಸನ್ ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುನೀರಿನ ಸರೋವರದೊಳಕ್ಕೆ ಕಪ್ಪು ಕಲ್ಲು, ಮಣ್ಣು ಹಾಕಿ ಸುಮಾರು 460 ಮೀಟರ್ ಉದ್ದದ ಸುರುಳಿ ಕಟ್ಟಿದರು. ಕೆಲವೇ ವರ್ಷದಲ್ಲಿ ನೀರು ಏರಿ ಸುರುಳಿ ಮುಳುಗಿತು. 1973ರಲ್ಲಿ ಸ್ಮಿತ್ಸನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸುಮಾರು ಮೂವತ್ತು ವರ್ಷದ ನಂತರ, 2002ರಲ್ಲಿ, ಬರದಿಂದ ನೀರು ಇಳಿದು ಉಪ್ಪು ಮೆತ್ತಿಕೊಂಡ ಕಲ್ಲುಗಳು ಮೇಲೆ ಬಂದವು. ನದಿಗಳ ನೀರು ಬೇರೆಡೆ ತಿರುಗುತ್ತಾ, ಬರ ಬೀಳುತ್ತಾ, 2022ರಲ್ಲಿ ಸರೋವರ ದಾಖಲೆಯ ಮಟ್ಟಕ್ಕೆ ಕುಗ್ಗಿತು. ಈಗ ಸುರುಳಿಯ ತುದಿಯಿಂದ ನೀರು ಮುಟ್ಟಬೇಕೆಂದರೆ ಗಟ್ಟಿ ಉಪ್ಪಿನ ಮೇಲೆ ದೂರ ನಡೆಯಬೇಕು. ಅದನ್ನು ನೋಡಿಕೊಳ್ಳುವ ಸಂಸ್ಥೆಯವರು 2012ರಿಂದ ನಿಯಮಿತವಾಗಿ ಮೇಲಿನಿಂದ ಫೋಟೊ ತೆಗೆಸುತ್ತಾರೆ. ಪ್ರತಿ ಫೋಟೊ ಜೊತೆ ತಾರೀಕು ಇರುತ್ತದೆ.