ಕರೆಸಿಕೊಂಡವರೆಲ್ಲ ಕಳುಹಿಸಿಕೊಟ್ಟರು: ಕಾರ್ಲೋಸ್ ಕೈರೋಜ್ ಅಲೆದಾಟದ ಹಿನ್ನೆಲೆ

ಆಸ್ಟ್ರೇಲಿಯಾ ಒಂದನ್ನು ಬಿಟ್ಟರೆ ಫುಟ್‌ಬಾಲ್ ಆಡುವ ಎಲ್ಲ ಖಂಡಗಳಲ್ಲೂ ಸಂಬಳ ಪಡೆದ ತರಬೇತುದಾರ ಪೋರ್ಚುಗಲ್‌ನ ಕಾರ್ಲೋಸ್ ಕೈರೋಜ್. 2025ರವರೆಗಿನ ಲೆಕ್ಕ ಹಿಡಿದರೆ ಎಂಟು ದೇಶಗಳ ರಾಷ್ಟ್ರೀಯ ತಂಡಗಳು ಅವರ ಕೈಯಲ್ಲಿ ಪಳಗಿವೆ. ಪೋರ್ಚುಗಲ್ ಮತ್ತು ಇರಾನ್ ಅವರನ್ನು ಎರಡೆರಡು ಸಲ ನೇಮಿಸಿಕೊಂಡಿವೆ. ಹೀಗೆ ದೇಶ ಸುತ್ತುವ ಕೋಚ್‌ಗಳ ಬಗ್ಗೆ ಎರಡು ಮಾತು ರೂಢಿಯಲ್ಲಿವೆ: ದುಡ್ಡಿಗಾಗಿ ಅಲೆಯುತ್ತಾರೆ, ಇಲ್ಲವೇ ಎಲ್ಲೂ ನೆಲೆ ನಿಲ್ಲುವಷ್ಟು ಕಸುಬು ಗೊತ್ತಿಲ್ಲ. ಕೈರೋಜ್ ವಿಷಯದಲ್ಲಿ ಇವೆರಡೂ ಸಾಲವು. ಯಾವ ಗುಣಕ್ಕಾಗಿ ಫುಟ್‌ಬಾಲ್ ಒಕ್ಕೂಟಗಳು ಅವರನ್ನು ಹುಡುಕಿಕೊಂಡು ಹೋಗುತ್ತವೆಯೋ, ಅದೇ ಗುಣವನ್ನು ಸಹಿಸಲಾರದೆ ಕೆಲವು ವರ್ಷಗಳಲ್ಲಿ ಬೀಳ್ಕೊಡುತ್ತವೆ. ಆ ಗುಣ ಎಲ್ಲಿ ಹುಟ್ಟಿತು ಎಂಬುದನ್ನು ನೋಡಬೇಕಾದರೆ ಆಫ್ರಿಕಾದಿಂದ ಶುರುಮಾಡಬೇಕು.

1953ರಲ್ಲಿ ಅವರು ಹುಟ್ಟಿದ್ದು ಮೊಜಾಂಬಿಕ್‌ನ ನಂಪುಲ ಎಂಬ ಊರಿನಲ್ಲಿ. ಆಗ ಅದು ಪೋರ್ಚುಗಲ್‌ನ ವಸಾಹತು. ಹುಡುಗ ಗೋಲ್‌ಕೀಪರ್ ಆಗಿದ್ದ, ಆದರೆ ಹೆಸರು ಮಾಡುವಷ್ಟು ಆಡಲಿಲ್ಲ. 1975ರಲ್ಲಿ ಮೊಜಾಂಬಿಕ್ ಸ್ವತಂತ್ರವಾಯಿತು. ಆ ಕಾಲದಲ್ಲಿ ಪೋರ್ಚುಗಲ್‌ಗೆ ವಲಸೆ ಬಂದ ಲಕ್ಷಾಂತರ ಜನರಲ್ಲಿ ಅವರೂ ಒಬ್ಬರು. ಲಿಸ್ಬನ್‌ನಲ್ಲಿ ದೈಹಿಕ ಶಿಕ್ಷಣದ ಉನ್ನತ ಸಂಸ್ಥೆ ಸೇರಿದರು. ಮುಂದೆ ಹೆಸರಾಂತ ಕೋಚ್ ಆದ ಜೋಸೆ ಮೌರಿನ್ಹೊ ಓದಿದ್ದೂ ಅದೇ ಸಂಸ್ಥೆಯಲ್ಲಿ. ದೊಡ್ಡ ಆಟಗಾರನಾಗಿದ್ದವನೇ ದೊಡ್ಡ ಕೋಚ್ ಆಗಬೇಕೆಂಬ ನಂಬಿಕೆ ಯುರೋಪಿನಲ್ಲಿ ಗಟ್ಟಿಯಾಗಿದ್ದಾಗ, ತರಬೇತಿಯನ್ನು ಓದಿ ಕಲಿಯುವ ವಿದ್ಯೆಯೆಂದು ಪರಿಗಣಿಸಿದ ಒಂದು ಪಂಗಡ ಅಲ್ಲಿ ತಯಾರಾಗುತ್ತಿತ್ತು. ಪೋರ್ಚುಗೀಸರು ಕೈರೋಜ್ ಅವರನ್ನು ಇಂದಿಗೂ ‘ಪ್ರೊಫೆಸರ್’ ಎಂದೇ ಕರೆಯುತ್ತಾರೆ. ಅದರಲ್ಲಿ ಗೌರವವೂ ಇದೆ, ಸ್ವಲ್ಪ ಕುಟುಕೂ ಇದೆ.

ಆ ಪ್ರೊಫೆಸರ್‌ಗೆ ಪೋರ್ಚುಗಲ್ ಒಕ್ಕೂಟ ಕೊಟ್ಟದ್ದು ಕಿರಿಯರ ತಂಡ. ಅಲ್ಲಿಯವರೆಗೆ ಫುಟ್‌ಬಾಲ್‌ನಲ್ಲಿ ಒಂದೂ ವಿಶ್ವ ಪ್ರಶಸ್ತಿ ಕಾಣದಿದ್ದ ದೇಶ 1989ರಲ್ಲಿ ರಿಯಾದ್‌ನಲ್ಲಿ ನೈಜೀರಿಯಾವನ್ನು 2-0ರಿಂದ ಸೋಲಿಸಿ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆಯಿತು. ಎರಡು ವರ್ಷಗಳ ನಂತರ ಲಿಸ್ಬನ್‌ನಲ್ಲೇ ಮತ್ತೆ ಫೈನಲ್, ಎದುರಾಳಿ ಬ್ರೆಜಿಲ್. ಹುಡುಗರ ಪಂದ್ಯ ನೋಡಲು ಲೂಜ್ ಕ್ರೀಡಾಂಗಣದಲ್ಲಿ 1,27,000 ಜನ ಸೇರಿದ್ದರು. ಗೋಲಿಲ್ಲದೆ ಮುಗಿದ ಆಟವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಪೋರ್ಚುಗಲ್ 4-2ರಿಂದ ಗೆದ್ದಿತು. ಕೊನೆಯ ಒದೆತ ರುಯಿ ಕೋಸ್ಟಾ ಅವರದು. ಲೂಯಿಸ್ ಫಿಗೊ, ಜೊವಾವ್ ಪಿಂಟೊ, ಪಾವ್ಲೊ ಸೋಜಾ, ಫೆರ್ನಾಂಡೊ ಕೋಟೊ ಮುಂತಾದವರು ಈ ಎರಡು ತಂಡಗಳಿಂದ ಹೊಮ್ಮಿದವರು. ಪೋರ್ಚುಗಲ್ ಅವರನ್ನು ‘ಸುವರ್ಣ ಪೀಳಿಗೆ’ ಎಂದು ಕರೆಯಿತು. 1966ರ ನಂತರದ ಎರಡು ದಶಕಗಳಲ್ಲಿ ಒಂದೇ ಒಂದು ವಿಶ್ವಕಪ್ ತಲುಪಿದ್ದ ದೇಶ ಇಂದು ದೊಡ್ಡ ಕೂಟಗಳಿಗೆ ತಪ್ಪದೆ ಬರುತ್ತಿದ್ದರೆ ಅದರ ಬೇರು ಇಲ್ಲಿದೆ. ಕೈರೋಜ್ ಮುಂದೆ ಏನೇ ಮಾಡಿರಲಿ, ಬಿಡಲಿ, ಈ ಒಂದು ಕೆಲಸಕ್ಕೇ ಅವರ ಹೆಸರು ಉಳಿಯುತ್ತದೆ ಎಂದು ನನಗೆ ಅನ್ನಿಸುತ್ತದೆ.

ಹುಡುಗರೊಂದಿಗೆ ಗೆದ್ದವರಿಗೆ ಹಿರಿಯರ ತಂಡ ಸಿಕ್ಕಿತು. ಆದರೆ 1994ರ ವಿಶ್ವಕಪ್‌ಗೆ ಪೋರ್ಚುಗಲ್ ಅರ್ಹತೆ ಪಡೆಯಲಿಲ್ಲ. ಕೊನೆಯ ಪಂದ್ಯದಲ್ಲಿ ಮಿಲಾನ್‌ನಲ್ಲಿ ಇಟಲಿ ಎದುರು 1-0 ಸೋಲು. ಆ ರಾತ್ರಿ ಕೈರೋಜ್ ತಮ್ಮ ಆಟಗಾರರನ್ನು ದೂರಲಿಲ್ಲ. ಒಕ್ಕೂಟದೊಳಗಿನ ಕೊಳೆ ಗುಡಿಸಬೇಕು ಎಂದು ಬಹಿರಂಗವಾಗಿ ಗುಡುಗಿದರು. ಮೂವತ್ತು ವರ್ಷಗಳ ಕಾಲ ಬೇರೆ ಬೇರೆ ಊರುಗಳಲ್ಲಿ ನಡೆಯಲಿದ್ದ ನಾಟಕದ ಮೊದಲ ಪ್ರದರ್ಶನ ಅದು.

ಬಳಿಕ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್. ಬಾಬಿ ರಾಬ್ಸನ್ ಅವರನ್ನು ಕೈಬಿಟ್ಟು ಕೈರೋಜ್ ಅವರನ್ನು ತರಲಾಗಿತ್ತು. 1994ರ ಮೇ ತಿಂಗಳಲ್ಲಿ ತವರಿನಲ್ಲೇ ಅದೇ ಊರಿನ ಎದುರಾಳಿ ಕ್ಲಬ್ ಬೆನ್‌ಫಿಕಾ ಎದುರು 6-3 ಸೋಲು, ಲೀಗ್ ಕಿರೀಟದ ಆಸೆಗೂ ಕೊನೆ. ಮೂರು ಗೋಲು ಹೊಡೆದವರು ಜೊವಾವ್ ಪಿಂಟೊ, ಕೈರೋಜ್ ಅವರೇ ಬೆಳೆಸಿ ಎರಡು ಸಲ ವಿಶ್ವ ಚಾಂಪಿಯನ್ ಮಾಡಿದ್ದ ಹುಡುಗ. ಮರುವರ್ಷ ಪೋರ್ಚುಗಲ್ ಕಪ್ ಗೆದ್ದರೂ ಆ ರಾತ್ರಿಯ ಗಾಯ ಮಾಯಲಿಲ್ಲ.

ಅಲೆದಾಟ ಅಲ್ಲಿಂದ ಶುರು. 1996ರಲ್ಲಿ ಅಮೆರಿಕದ ಮೇಜರ್ ಲೀಗ್ ಸಾಕರ್‌ನ ಮೊದಲ ವರ್ಷದಲ್ಲಿ ಮೆಟ್ರೋಸ್ಟಾರ್ಸ್, ಆಮೇಲೆ ಕೋಚ್ ಆರ್ಸೆನ್ ವೆಂಗರ್ ಬಿಟ್ಟುಹೋಗಿದ್ದ ಜಪಾನಿನ ನಗೋಯಾ ಗ್ರಾಂಪಸ್, ನಂತರ ಯುಎಇ. ಇವುಗಳಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ನಡುವೆ ಮಾಡಿದ ಒಂದು ಕೆಲಸ ಮಾತ್ರ ಅವರ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. 2010ರ ಹೊತ್ತಿಗೆ ಅಮೆರಿಕ ವಿಶ್ವಕಪ್ ಗೆಲ್ಲುವಂತಾಗಲು ಏನು ಮಾಡಬೇಕೆಂದು ಅಲ್ಲಿನ ಒಕ್ಕೂಟ ಅವರನ್ನು ಕೇಳಿತು. 1998ರಲ್ಲಿ ಅವರು ದಪ್ಪನೆಯ ವರದಿಯೊಂದನ್ನೇ ಬರೆದುಕೊಟ್ಟರು. ಕಪ್ ಬರಲಿಲ್ಲ, ಅದು ಬೇರೆ ಮಾತು. ತಂಡವೆಂದರೆ ಹನ್ನೊಂದು ಜನರಲ್ಲ, ಅದರ ಹಿಂದಿನ ಇಡೀ ವ್ಯವಸ್ಥೆ ಎಂದು ನಂಬಿದವರ ಬರಹ ಅದು. ತೊಡಕಿರುವುದೂ ಇಲ್ಲೇ. ವ್ಯವಸ್ಥೆಯ ಯಜಮಾನರು ಕೋಚ್‌ನಿಂದ ಬಯಸುವುದು ಗೆಲುವನ್ನು. ತಮ್ಮ ಕಚೇರಿಯ ದುರಸ್ತಿಯನ್ನಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮುಂದಿನ ಸಂಬಂಧಗಳು ನಡೆದವು. ದಕ್ಷಿಣ ಆಫ್ರಿಕಾವನ್ನು 2002ರ ವಿಶ್ವಕಪ್‌ಗೆ ಮುಟ್ಟಿಸಿದರು. ಕೂಟಕ್ಕೆ ಕೆಲವೇ ತಿಂಗಳಿರುವಾಗ ಒಕ್ಕೂಟ ಅವರ ಮೇಲೆ ಜೋಮೊ ಸೋನೊ ಅವರನ್ನು ತಾಂತ್ರಿಕ ನಿರ್ದೇಶಕರಾಗಿ ಕೂರಿಸಿತು. ಕೈರೋಜ್ ರಾಜೀನಾಮೆ ಕೊಟ್ಟರು. ಅರ್ಹತೆ ಗಳಿಸಿಕೊಟ್ಟವರು ಒಬ್ಬರು, ವಿಶ್ವಕಪ್‌ನ ಬೆಂಚಿನಲ್ಲಿ ಕುಳಿತವರು ಮತ್ತೊಬ್ಬರು.

ಅವರು ನೆಮ್ಮದಿಯಿಂದ ಕೆಲಸ ಮಾಡಿದ ಒಂದೇ ಜಾಗ ಬಹುಶಃ ಮ್ಯಾಂಚೆಸ್ಟರ್ ಯುನೈಟೆಡ್. ಅದೂ ಎರಡನೆಯ ಸ್ಥಾನದಲ್ಲಿ. 2002ರಲ್ಲಿ ಅಲ್ಲಿನ ಮ್ಯಾನೇಜರ್ ಅಲೆಕ್ಸ್ ಫರ್ಗ್ಯೂಸನ್ ಕೈರೋಜ್ ಅವರನ್ನು ಸಹಾಯಕರಾಗಿ ತೆಗೆದುಕೊಂಡರು. ಒಂದು ಋತುವಿನ ನಂತರ ರಿಯಲ್ ಮ್ಯಾಡ್ರಿಡ್ ಕರೆಯಿತು. ಯಾರಿಗೆ ತಾನೆ ಬೇಡ? ಆದರೆ ಆ ಬೇಸಿಗೆಯಲ್ಲಿ ಮ್ಯಾಡ್ರಿಡ್ ತಾರೆ ಬೆಕ್‌ಹ್ಯಾಮ್ ಅವರನ್ನು ಕೊಂಡು, ರಕ್ಷಣೆಗೆ ಹೆಸರಾದ ಮಕೆಲೆಲೆ ಅವರನ್ನು ಮಾರಿತ್ತು. ರಕ್ಷಣೆಯೇ ಮೊದಲು ಎನ್ನುವ ಕೋಚ್‌ನ ಕೈಗೆ ತಾರೆಗಳನ್ನೆಲ್ಲ ಕೊಟ್ಟು ಕಾವಲುಗಾರನನ್ನು ಕಿತ್ತುಕೊಂಡ ಹಾಗಾಯಿತು. ವಸಂತದವರೆಗೆ ಮೇಲಿದ್ದ ತಂಡ ಸ್ಪೇನ್‌ನ ಕಪ್ ಫೈನಲ್‌ನಲ್ಲಿ ಜರಗೋಜಾಗೆ ಸೋತಿತು, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಮೊನಾಕೊಗೆ ಸೋತಿತು, ಲೀಗ್‌ನ ಕೊನೆಯ ಐದೂ ಪಂದ್ಯಗಳನ್ನು ಕಳೆದುಕೊಂಡು ನಾಲ್ಕನೆಯ ಸ್ಥಾನಕ್ಕಿಳಿಯಿತು. ಮೊನಾಕೊ ಪರ ಗೋಲು ಹೊಡೆದವರಲ್ಲಿ ಮೊರಿಯೆಂಟೆಸ್ ಒಬ್ಬರು. ಮ್ಯಾಡ್ರಿಡ್ ತಾನೇ ಎರವಲು ಕೊಟ್ಟಿದ್ದ ಆಟಗಾರ! ಮರುಬೇಸಿಗೆಯಲ್ಲಿ ಕೈರೋಜ್ ಮತ್ತೆ ಮ್ಯಾಂಚೆಸ್ಟರ್‌ನಲ್ಲಿದ್ದರು.

2008ರಲ್ಲಿ ಬಾರ್ಸಿಲೋನಾ ವಿರುದ್ಧದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ಗೆ ಮುನ್ನ ಅವರು ಅಭ್ಯಾಸದ ಅಂಗಳದಲ್ಲಿ ವ್ಯಾಯಾಮದ ಚಾಪೆಗಳನ್ನು ಹಾಸಿ, ಯಾವ ಆಟಗಾರ ಎಲ್ಲಿ ನಿಲ್ಲಬೇಕೆಂದು ಗುರುತು ಮಾಡಿಸಿದ್ದನ್ನು ತಂಡದ ಆಟಗಾರ ಗ್ಯಾರಿ ನೆವಿಲ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಎರಡು ಪಂದ್ಯಗಳಲ್ಲಿ ಬಾರ್ಸಿಲೋನಾಗೆ ಒಂದೂ ಗೋಲು ಸಿಗಲಿಲ್ಲ. ಯುನೈಟೆಡ್ ಮಾಸ್ಕೋದಲ್ಲಿ ಯುರೋಪಿನ ಕಪ್ ಎತ್ತಿತು. ಹೆಸರಿಗೆ ಮಾತ್ರ ಮ್ಯಾನೇಜರ್ ಅಲ್ಲ, ಉಳಿದಂತೆ ಅದಕ್ಕೆ ಅತಿ ಹತ್ತಿರವಿದ್ದವರು ಎಂಬರ್ಥದಲ್ಲಿ ಫರ್ಗ್ಯೂಸನ್ ಅವರನ್ನು ಹೊಗಳಿದ್ದಾರೆ. ಒಕ್ಕೂಟ, ಸಚಿವರು, ಪತ್ರಕರ್ತರು ಎಲ್ಲರನ್ನೂ ಫರ್ಗ್ಯೂಸನ್ ನೋಡಿಕೊಳ್ಳುತ್ತಿದ್ದರು, ಕೈರೋಜ್ ಆಟ ಕಲಿಸುತ್ತಿದ್ದರು. ಅದು ಅವರಿಗೆ ಹೇಳಿ ಮಾಡಿಸಿದ ಏರ್ಪಾಡು. ಅವರು ಅದರಲ್ಲಿ ತೃಪ್ತರಾಗಲಿಲ್ಲ.

ಅದೇ ವರ್ಷ ಪೋರ್ಚುಗಲ್‌ಗೆ ಮರಳಿದರು. 2010ರ ವಿಶ್ವಕಪ್‌ನ ನಾಲ್ಕು ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು ಒಂದೇ ಗೋಲು, ಸ್ಪೇನ್‌ನ ಡೇವಿಡ್ ವಿಯಾ ಹೊಡೆದದ್ದು, ಅದರಿಂದಲೇ ಹೊರಬಿದ್ದಿತು. ಉತ್ತರ ಕೊರಿಯಾ ಎದುರಿನ ಏಳು ಗೋಲುಗಳನ್ನು ಬಿಟ್ಟರೆ ತಂಡ ತಾನೂ ಒಂದು ಗೋಲು ಹೊಡೆಯಲಿಲ್ಲ. ಸೋಲಿಗೆ ಕಾರಣವೇನೆಂದಾಗ ರೊನಾಲ್ಡೊ ಕೋಚ್‌ನನ್ನು ಕೇಳಿ ಎಂದುಬಿಟ್ಟರು. ಕುರ್ಚಿ ಹೋದದ್ದು ಮಾತ್ರ ಮೈದಾನದ ಹೊರಗಿನ ಗಲಾಟೆಯಿಂದ. ಕೂಟಕ್ಕೆ ಮುಂಚೆ ಕೊವಿಲ್ಯಾ ಶಿಬಿರಕ್ಕೆ ಬೆಳಿಗ್ಗೆ ಬಂದ ಉದ್ದೀಪನ ಮದ್ದು ತಪಾಸಣಾಧಿಕಾರಿಗಳನ್ನು ಅವರು ನಿಂದಿಸಿದರೆಂಬ ಆರೋಪ, ಆರು ತಿಂಗಳ ನಿಷೇಧ, ಸೆಪ್ಟೆಂಬರ್‌ನಲ್ಲಿ ವಜಾ. ಮರುವರ್ಷ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಆ ನಿಷೇಧವನ್ನು ರದ್ದುಪಡಿಸಿತು. ತೀರ್ಪು ಬಂದಾಗ ಕುರ್ಚಿಯಲ್ಲಿ ಬೇರೆಯವರಿದ್ದರು.

2011ರಿಂದ 2019ರವರೆಗೆ ಇರಾನ್. ಇಷ್ಟು ದೀರ್ಘಕಾಲ ಅವರು ಬೇರೆಲ್ಲೂ ನಿಲ್ಲಲಿಲ್ಲ. ನಿರ್ಬಂಧಗಳಿಂದ ಕಂಗೆಟ್ಟ ದೇಶ, ಸರಿಯಾದ ಶಿಬಿರಗಳಿಲ್ಲ, ನಿಶ್ಚಯವಾದ ಸೌಹಾರ್ದ ಪಂದ್ಯಗಳೂ ರದ್ದಾಗುತ್ತಿದ್ದವು. 2018ರ ವಿಶ್ವಕಪ್‌ಗೆ ಕೆಲವೇ ದಿನಗಳಿರುವಾಗ ಅಮೆರಿಕದ ನಿರ್ಬಂಧದ ಕಾರಣ ಕೊಟ್ಟು ನೈಕಿ ಕಂಪನಿ ಇರಾನ್ ಆಟಗಾರರಿಗೆ ಬೂಟು ಕೊಡುವುದನ್ನು ನಿಲ್ಲಿಸಿತು. ಇಂಥ ಕೊರತೆಯ ನಡುವೆಯೇ ಕೈರೋಜ್ ಅರಳಿದರು ಎನ್ನುವುದು ವಿಚಿತ್ರ. ಹೊರಗಿನವರೆಲ್ಲ ತಮ್ಮ ವಿರುದ್ಧ ಎಂಬ ಭಾವನೆಯನ್ನೇ ಅವರು ತಂಡದ ಅಂಟು ಮಾಡಿಕೊಂಡರು. ಜರ್ಮನಿಯಲ್ಲಿ ಬೆಳೆದ ಅಶ್ಕಾನ್ ದೆಜಾಗಾ, ನೆದರ್ಲೆಂಡ್ಸ್‌ನಲ್ಲಿ ಬೆಳೆದ ರೆಜಾ ಗೂಚನ್‌ನೆಜಾದ್ ಮೊದಲಾದ ಅನಿವಾಸಿ ಇರಾನಿಯರನ್ನು ಹುಡುಕಿ ತಂದರು. 2013ರ ಜೂನ್‌ನಲ್ಲಿ ಉಲ್ಸಾನ್‌ನಲ್ಲಿ ದಕ್ಷಿಣ ಕೊರಿಯಾವನ್ನು ಗೂಚನ್‌ನೆಜಾದ್ ಗೋಲಿನಿಂದಲೇ ಸೋಲಿಸಿ ವಿಶ್ವಕಪ್‌ಗೆ ದಾಟಿದಾಗ, ಪ್ರೊಫೆಸರ್ ಎದುರಾಳಿ ಬೆಂಚಿನತ್ತ ಮುಷ್ಟಿ ತೋರಿಸಿದರು. ಕೊರಿಯನ್ನರು ಅದನ್ನು ಬಹುಕಾಲ ಮರೆಯಲಿಲ್ಲ.

ಈ ಇರಾನ್ ತಂಡ ಬೆಂಗಳೂರಿಗೂ ಬಂದಿತ್ತು. 2015ರ ಸೆಪ್ಟೆಂಬರ್ 8ರಂದು ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ. ಮೊದಲರ್ಧದಲ್ಲಿ ಅಜ್ಮೂನ್ ಹೊಡೆದ ಒಂದು ಗೋಲು, ವಿರಾಮದ ನಂತರ ಕೆಲವೇ ನಿಮಿಷಗಳಲ್ಲಿ ತೆಯ್ಮೂರಿಯನ್ ಮತ್ತು ತರೇಮಿ ಹೊಡೆದ ಎರಡು, 3-0. ಟೆಹ್ರಾನ್‌ನ ಮರುಪಂದ್ಯ 4-0. ಮುಂದಿನ ಸುತ್ತಿನಲ್ಲಿ ಇರಾನ್ ಹತ್ತು ಪಂದ್ಯಗಳಲ್ಲಿ ಹೊಡೆದದ್ದು ಹತ್ತೇ ಗೋಲು, ಬಿಟ್ಟುಕೊಟ್ಟದ್ದು ಎರಡು. ಆ ಎರಡೂ ಕೊನೆಯ ಪಂದ್ಯದಲ್ಲಿ, ಅರ್ಹತೆ ಖಚಿತವಾದ ಮೇಲೆ. ಕೈರೋಜ್ ಫುಟ್‌ಬಾಲ್‌ನ ಸಾರ ಈ ಲೆಕ್ಕದಲ್ಲಿದೆ. ನೋಡಲು ಹಬ್ಬವಲ್ಲ. ಆದರೆ 2014ರಲ್ಲಿ ಅರ್ಜೆಂಟಿನಾವನ್ನು 90 ನಿಮಿಷ ತಡೆದು ಹೆಚ್ಚುವರಿ ಸಮಯದಲ್ಲಿ ಮೆಸ್ಸಿಯ ಒಂದು ಒದೆತಕ್ಕೆ ಸೋತ ತಂಡವನ್ನು ನೋಡಿದವರು ಅದನ್ನು ಬರಿಯ ಬೇಸರದ ಆಟ ಎನ್ನಲಾರರು.

2018ರಲ್ಲಿ ಮೊರಾಕೊ ವಿರುದ್ಧ ಕೊನೆಗಳಿಗೆಯ ಗೆಲುವು, ಸ್ಪೇನ್ ಎದುರು 1-0 ಸೋಲು, ಕೊನೆಗೆ ಅವರದೇ ಪೋರ್ಚುಗಲ್. ಇರಾನ್ ಗೋಲ್‌ಕೀಪರ್ ಬೈರಾನ್‌ವಂದ್ ರೊನಾಲ್ಡೊ ಪೆನಾಲ್ಟಿ ತಡೆದರು, ಅನ್ಸಾರಿಫರ್ದ್ ಕೊನೆಯಲ್ಲಿ ಪೆನಾಲ್ಟಿಯಿಂದಲೇ ಸಮ ಮಾಡಿದರು, ಆ ಬೆನ್ನಿಗೇ ತರೇಮಿಯ ಹೊಡೆತ ಬಲೆಯ ಹೊರಮಗ್ಗುಲಿಗೆ ಬಡಿಯಿತು. ಒಳಗೆ ಹೋಗಿದ್ದರೆ ಪೋರ್ಚುಗಲ್ ಮನೆಗೆ, ಇರಾನ್ ಹದಿನಾರರ ಘಟ್ಟಕ್ಕೆ. ನಾಲ್ಕು ಅಂಕ ಗಳಿಸಿಯೂ ಹೊರಬಿದ್ದರು. ಈ ಎಂಟು ವರ್ಷಗಳಲ್ಲಿ ಕ್ರೀಡಾ ಸಚಿವಾಲಯದೊಂದಿಗೆ, ಪರ್ಸೆಪೊಲಿಸ್ ಕ್ಲಬ್‌ನ ಕೋಚ್ ಬ್ರಾಂಕೊ ಇವಾಂಕೊವಿಚ್ ಅವರೊಂದಿಗೆ ನಡೆದ ಜಟಾಪಟಿಗೆ ಲೆಕ್ಕವಿಲ್ಲ. ಅದರಲ್ಲಿ ಎಲ್ಲವೂ ಸಿಟ್ಟಿನ ಚಾಳಿಯಾಗಿರಲಿಲ್ಲ. ಗ್ರೀಸ್‌ನ ಕ್ಲಬ್ ಪರ ಇಸ್ರೇಲಿ ತಂಡದ ಎದುರು ಆಡಿದ್ದಕ್ಕಾಗಿ ಅಧಿಕಾರಿಗಳ ಕೆಂಗಣ್ಣಿಗೆ ಗುರಿಯಾಗಿದ್ದ ಮಸೂದ್ ಶೋಜಾಯಿ ಕೊನೆಗೆ ವಿಶ್ವಕಪ್‌ಗಾಗಿ ರಷ್ಯಾಕ್ಕೆ ಹೋದ ತಂಡದಲ್ಲಿದ್ದರು.

2019ರ ಏಷ್ಯಾ ಕಪ್ ಸೆಮಿಫೈನಲ್‌ನಲ್ಲಿ ಜಪಾನ್‌ಗೆ ಸೋತು ಇರಾನ್ ಬಿಟ್ಟ ಮೇಲಿನ ಕಥೆ ಅವಸರದ್ದು. ಮುಂದೆ ಅವರು ಹಿಡಿದ ಕೊಲಂಬಿಯಾ ದಕ್ಷಿಣ ಅಮೆರಿಕದ ಕೂಟವಾದ ಕೋಪಾ ಅಮೆರಿಕಾದಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಚಿಲಿ ಎದುರು ಶೂಟೌಟ್‌ನಲ್ಲಿ ಹೊರಬಿದ್ದಿತು. 2020ರ ನವೆಂಬರ್‌ನಲ್ಲಿ ಈಕ್ವೆಡಾರ್‌ಗೆ 6-1 ಸೋತಾಗ ಕೆಲಸ ಹೋಯಿತು. ಆಮೇಲೆ ಅವರ ಕೈಗೆ ಬಂದ ಈಜಿಪ್ಟ್ 2022ರ ಫೆಬ್ರುವರಿಯಲ್ಲಿ ಆಫ್ರಿಕಾ ಕಪ್ ಫೈನಲ್‌ನಲ್ಲಿ ಸೆನೆಗಲ್ ಎದುರು ಶೂಟೌಟ್‌ನಲ್ಲಿ ಸೋತಿತು. ಮರುತಿಂಗಳು ಡಾಕರ್‌ನಲ್ಲಿ ಅದೇ ಸೆನೆಗಲ್, ಮತ್ತೆ ಶೂಟೌಟ್, ಈಜಿಪ್ಟ್ ಆಟಗಾರರ ಮುಖಕ್ಕೆ ಹಸಿರು ಲೇಸರ್ ಬೆಳಕು, ವಿಶ್ವಕಪ್ ಕೈತಪ್ಪಿತು.

ಆ ವರ್ಷವೇ ಇರಾನ್ ಮತ್ತೆ ಕರೆಯಿತು. ಅರ್ಹತೆ ಗಳಿಸಿಕೊಟ್ಟಿದ್ದ ದ್ರಾಗನ್ ಸ್ಕೋಚಿಚ್ ಅವರನ್ನು ಇಳಿಸಿ, ಕೂಟಕ್ಕೆ ಎರಡೇ ತಿಂಗಳಿರುವಾಗ ಕೈರೋಜ್‌ಗೆ ಪಟ್ಟ ಕಟ್ಟಿದರು. ದಕ್ಷಿಣ ಆಫ್ರಿಕಾದಲ್ಲಿ ತಮ್ಮ ದುಡಿಮೆಯ ಫಲ ಬೇರೆಯವರ ಪಾಲಾದದ್ದನ್ನು ಕಂಡವರು ಈ ಸಲ ಇನ್ನೊಬ್ಬರು ಬಿತ್ತಿದ್ದರ ಎದುರು ಕುಳಿತರು. ಪೊಲೀಸರ ವಶದಲ್ಲಿದ್ದ ಯುವತಿ ಮಹ್ಸಾ ಅಮೀನಿ ಸಾವಿನ ನಂತರ ದೇಶ ಹೊತ್ತಿ ಉರಿಯುತ್ತಿತ್ತು. ಆಟಗಾರರು ಮೊದಲ ಪಂದ್ಯದಲ್ಲಿ ರಾಷ್ಟ್ರಗೀತೆಗೆ ತುಟಿ ಬಿಚ್ಚಲಿಲ್ಲ. ಇಂಗ್ಲೆಂಡ್ 6-2ರಿಂದ ಗೆದ್ದಿತು. ತಂಡವನ್ನು ಬೆಂಬಲಿಸದವರು ಮನೆಯಲ್ಲೇ ಇರಲಿ ಎಂದು ಕೈರೋಜ್ ಸಿಡುಕಿದರು. ಆಟಗಾರರ ಬೆನ್ನಿಗೆ ನಿಂತದ್ದು ಸರಿಯೇ. ಆದರೆ ಬೀದಿಯಲ್ಲಿ ಜನ ಸಾಯುತ್ತಿದ್ದಾಗ ಪ್ರೇಕ್ಷಕರನ್ನು ಹಾಗೆ ಗದರಿಸುವುದು ನನಗಂತೂ ಒರಟಾಗಿ ಕೇಳಿಸಿತು. ವೇಲ್ಸ್ ಎದುರು ಕೊನೆಯ ಗಳಿಗೆಯ ಎರಡು ಗೋಲುಗಳ ಗೆಲುವು ಬಂತು. ಅಮೆರಿಕ 1-0ರಿಂದ ಮನೆಗೆ ಕಳುಹಿಸಿತು.

2023ರಲ್ಲಿ ಕತಾರ್. ತವರಿನ ಏಷ್ಯಾ ಕಪ್‌ಗೆ ತಿಂಗಳೊಂದು ಬಾಕಿ ಇರುವಾಗ ಅವರು ಹೊರಬಂದರು. ಬದಲಿಗೆ ಬಂದ ಟಿಂಟಿನ್ ಮಾರ್ಕೆಜ್ ಕಪ್ ಗೆದ್ದರು. ಫೈನಲ್‌ನಲ್ಲಿ ಅಕ್ರಮ್ ಆಫಿಫ್ ಹೊಡೆದ ಮೂರು ಗೋಲುಗಳೂ ಪೆನಾಲ್ಟಿಯಿಂದ.

2025ರ ಜುಲೈನಲ್ಲಿ ಒಮಾನ್ ಅವರನ್ನು ಕರೆಯಿತು, ಎಪ್ಪತ್ತೆರಡು ತುಂಬಿತ್ತು. ಸೆಪ್ಟೆಂಬರ್ 8ರಂದು ತಜಿಕಿಸ್ತಾನದ ಹಿಸೋರ್‌ನಲ್ಲಿ ಮಧ್ಯ ಏಷ್ಯಾದ ಕಾಫಾ ಕಪ್‌ನ ಮೂರನೆಯ ಸ್ಥಾನಕ್ಕಾಗಿ ಎದುರಾದದ್ದು ಭಾರತ. ಮುಂದಿದ್ದ ಒಮಾನನ್ನು ಬೆಂಗಳೂರು ಎಫ್‌ಸಿಯಲ್ಲಿ ಬೆಳೆದ ಉದಾಂತ ಸಿಂಗ್ ಗೋಲು ಹೊಡೆದು ತಡೆದರು, ಶೂಟೌಟ್‌ನಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಒದೆತ ತಡೆದು 3-2ರಿಂದ ಗೆಲ್ಲಿಸಿದರು. ಒಮಾನ್ ಎದುರು ಭಾರತಕ್ಕೆ ಗೆಲುವೆಂಬುದು ಬಲು ಅಪರೂಪ.

ಅಕ್ಟೋಬರ್‌ನಲ್ಲಿ ದೋಹಾದಲ್ಲಿ ಅಸಲಿ ಪರೀಕ್ಷೆ. ಮೂರು ತಂಡಗಳ ಗುಂಪು, ಒಂದಕ್ಕೆ ಮಾತ್ರ 2026ರ ವಿಶ್ವಕಪ್‌ಗೆ ನೇರ ಟಿಕೆಟ್. ಕತಾರ್ ಎದುರು 0-0, ಥೇಟ್ ಕೈರೋಜ್ ಅಂಕಪಟ್ಟಿ. ಯುಎಇ ಎದುರು ಆರಂಭದಲ್ಲೇ ಎದುರಾಳಿಯ ಸ್ವಂತ ಗೋಲಿನಿಂದ ಮುನ್ನಡೆ ಸಿಕ್ಕಿತು. ಒಮಾನ್ ಒಂದು ಗಂಟೆಗೂ ಹೆಚ್ಚು ಕಾಲ ಅದನ್ನು ಕಾಯ್ದುಕೊಂಡಿತು. 76ನೆಯ ನಿಮಿಷದಲ್ಲಿ ಒಂದು, 83ನೆಯ ನಿಮಿಷದಲ್ಲಿ ಇನ್ನೊಂದು ಗೋಲು ಬಿತ್ತು. ಮೂರು ದಿನ ಬಿಟ್ಟು ಯುಎಇಯನ್ನು ಸೋಲಿಸಿ ಟಿಕೆಟ್ ಪಡೆದದ್ದು ಕತಾರ್.