‘ಪುಟ್’ ಜೊತೆಗಿನ ಪುಟ್ಟ ಪದಗಳು

‘ಆಫ್ ದಿ ಫ್ಯಾನ್’ ಎಂದು ಕಾಲೇಜಿನ ಮಕ್ಕಳೂ ಬರೆಯುತ್ತಾರೆ. ಮೂಲ ಇರುವುದು ನಮ್ಮ ‘ಫ್ಯಾನ್ ಆಫ್ ಮಾಡು’ನಲ್ಲಿ. ಇಂಗ್ಲಿಷಿನ ಬಾಲದ ಪದವನ್ನಷ್ಟೇ ತಂದುಕೊಂಡು, ಕ್ರಿಯೆಯ ಕೆಲಸವನ್ನು ‘ಮಾಡು’ಗೆ ಒಪ್ಪಿಸಿದ್ದೇವೆ. ವಾಪಸು ಇಂಗ್ಲಿಷಿಗೆ ಹೋಗುವಾಗ ‘ಟರ್ನ್’ ಬಿಟ್ಟುಹೋಗುತ್ತದೆ. ‘ಟರ್ನ್ ಆಫ್ ದಿ ಫ್ಯಾನ್’ ಆಗಬೇಕು.

ಕ್ರಿಯಾಪದಕ್ಕೆ ‘ಆಫ್’, ‘ಆನ್’ನಂಥ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಇಂಥ ಜೋಡಿಗಳ, ಅಂದರೆ ಫ್ರೇಸಲ್ ವರ್ಬ್‌ಗಳ, ಪಟ್ಟಿ ಕೊಟ್ಟು ಉರು ಹೊಡೆಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ‘ಪುಟ್’ನ ಹತ್ತು ರೂಪ ಒಟ್ಟಿಗೇ ಕಲಿತರೆ ಮರುದಿನ ಎಲ್ಲ ಕಲಸಿಹೋಗುತ್ತದೆ. ದಿನಕ್ಕೆ ಎರಡು ಸಾಕು, ಆದರೆ ಪೂರ್ತಿ ವಾಕ್ಯದಲ್ಲೇ ಕಲಿಯಬೇಕು. ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ಶಿರಸಿಯವರು ಕುಮಟಾ ಪ್ರಯಾಣ ಮುಂದೂಡಿದರೆ ‘ದೇ ಪುಟ್ ಆಫ್ ದಿ ಟ್ರಿಪ್’. ಅಂಗಿ ತೊಡುವುದಕ್ಕೂ ಯಕ್ಷಗಾನ ಆಡಿಸುವುದಕ್ಕೂ ‘ಪುಟ್ ಆನ್’. ಬೆಂಕಿ ಆರಿಸಿದರೆ ‘ಪುಟ್ ಔಟ್ ದಿ ಫೈರ್’. ಆದರೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಕಾರವಾರದ ಬೈತಖೋಲ ಬಂದರಿನ ಬೋಟುಗಳು ಕಡಲಿಗಿಳಿದರೆ ‘ದಿ ಬೋಟ್ಸ್ ಪುಟ್ ಔಟ್ ಟು ಸೀ’; ಇಲ್ಲಿ ಕರ್ಮಪದವೇ ಇಲ್ಲ.

ಹೆಚ್ಚಿನವರು ಎಡವುವುದು ಕರ್ಮಪದದ ಜಾಗದಲ್ಲಿ. ‘ಪುಟ್ ಆಫ್ ದಿ ಮೀಟಿಂಗ್’, ‘ಪುಟ್ ದಿ ಮೀಟಿಂಗ್ ಆಫ್’ ಎರಡೂ ಸರಿ. ‘ಮೀಟಿಂಗ್’ ಹೋಗಿ ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಇಂಗ್ಲಿಷ್ ವಾಕ್ಯದ ಒತ್ತು ಸಾಮಾನ್ಯವಾಗಿ ಕೊನೆಗೆ, ಹೊಸ ವಿಷಯದ ಮೇಲೆ ಬೀಳುತ್ತದೆ. ‘ಇಟ್’ ಆಗಲೇ ಗೊತ್ತಿರುವ ಸಂಗತಿ, ಒತ್ತು ಹೊರುವ ಪದವಲ್ಲ. ಹಾಗಾಗಿ ಕೊನೆಯ ಜಾಗ ‘ಆಫ್’ಗೆ. ಕರ್ಮಪದ ಉದ್ದವಾದರೆ, ಅಡಿಕೆ ಸೊಸೈಟಿಯ ವಾರ್ಷಿಕ ಸಾಮಾನ್ಯ ಸಭೆಯಂಥದ್ದಾದರೆ, ‘ಆಫ್’ ಆದಮೇಲೆಯೇ ಇಡಿ. ನಡುವೆ ತುರುಕಿದರೆ ‘ಆಫ್’ ಬರುವಷ್ಟರಲ್ಲಿ ಕೇಳುವವರು ‘ಪುಟ್’ ಮರೆತಿರುತ್ತಾರೆ.

ಸಹಿಸಿಕೊಳ್ಳುವ ಅರ್ಥದ ‘ಪುಟ್ ಅಪ್ ವಿತ್’ ಮಾತ್ರ ಬಿಡಿಸಲು ಬಾರದು. ‘ಪುಟ್ ಅಪ್ ವಿತ್ ಇಟ್’ ಎಂದೇ ಹೇಳಬೇಕು. ಇದೇ ಧಾಟಿಯಲ್ಲಿ ‘ಕೋಪ್ ಅಪ್ ವಿತ್’ ಎನ್ನುವವರಿದ್ದಾರೆ. ಅಲ್ಲಿ ‘ಅಪ್’ ಬೇಡ, ‘ಕೋಪ್ ವಿತ್’ ಅಷ್ಟೇ.

ಓದುವಾಗ ಅರ್ಥವಾದದ್ದು ಕೇಳುವಾಗ ತಪ್ಪಿಹೋಗುತ್ತದೆ, ಯಾಕೆಂದರೆ ಮಾತಿನಲ್ಲಿ ‘ಪುಟ್ ಇಟ್ ಆಫ್’ ಎಂಬುದು ‘ಪುಟಿಟಾಫ್’ ಎಂದು ಒಂದೇ ಉಸಿರಿಗೆ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಬಿಡಿಸಲು ಬರುವ ಪ್ರತಿಯೊಂದಕ್ಕೂ ಮೂರು ಸಾಲು ಬರೆಯಿರಿ: ನಾಮಪದ ಕೊನೆಗೆ, ನಾಮಪದ ನಡುವೆ, ‘ಇಟ್’ ನಡುವೆ. ಬಾಲದ ಪದಕ್ಕೆ ಒತ್ತು ಕೊಟ್ಟು ಗಟ್ಟಿಯಾಗಿ ಓದಿ. ‘ಪುಟ್ ಆಫ್’ ನಂತರ ಇನ್ನೊಂದು ಕ್ರಿಯೆ ಬಂದರೆ ‘ಪುಟ್ ಆಫ್ ಗೋಯಿಂಗ್’ ಎನ್ನಿ, ‘ಟು ಗೋ’ ಅಲ್ಲ.